ವಸ್ತುವಿಗೂ ನಡೆನುಡಿಯುಂಟು

ನಡೆನುಡಿಗಳು ಒಂದಾಗಿರಬೇಕೆಂಬುದು ಶರಣಧರ್ಮದ ಮೊದಲ ಪಾಠ. ಕಡೆಯ ಪಾಠವೂ ಅದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವಿಗಳು ಒಬ್ಬರನ್ನೊಬ್ಬರು ಅಳೆದು ನೋಡಿದುದು ಕುಲದಿಂದಲ್ಲ, ಸಿರಿಯಿಂದಲ್ಲ. ಆಡಿದ ಮಾತಿಗೂ ಬಾಳಿದ ಬಾಳಿಗೂ ನಡುವೆ ಬಿರುಕುಂಟೋ ಇಲ್ಲವೋ ಎಂಬ ಒಂದೇ ಒರೆಗಲ್ಲಿನಿಂದ. ಈ ಒರೆಗಲ್ಲನ್ನು ಮನುಷ್ಯರಿಗೆ ಮಾತ್ರ ಹಚ್ಚಿ ನೋಡುವುದು ವಾಡಿಕೆ. ಆದರೆ ಮನುಷ್ಯನ ಕೈಯಲ್ಲಿ ಹುಟ್ಟಿದ ವಸ್ತುವಿಗೂ ಒಂದು ನಡೆಯುಂಟು, ಒಂದು ನುಡಿಯುಂಟು. ಅದು ಯಾವುದರಿಂದ ಆಯಿತು, ಯಾವ ಕ್ರಮದಿಂದ ಆಯಿತು, ಯಾರ ದುಡಿಮೆಯಿಂದ ಆಯಿತು ಎಂಬುದು ಅದರ ನಡೆ. ಸಂತೆಯಲ್ಲಿ, ಅಂಗಡಿಯಲ್ಲಿ, ನಾಲ್ಕು ಜನರ ನಡುವೆ ಅದು ಯಾವ ಹೆಸರಿನಿಂದ ಕರೆಯಿಸಿಕೊಳ್ಳುತ್ತದೆಯೋ ಅದು ಅದರ ನುಡಿ. ಇವೆರಡೂ ಒಂದಾಗಿದ್ದರೆ ಆ ವಸ್ತು ನಿಜ, ಬೇರೆಯಾಗಿದ್ದರೆ ಹುಸಿ. ಈ ಮಾತು ಕೇಳುವುದಕ್ಕೆ ಸುಲಭವಾಗಿದೆ. ಆದರೆ ದಿನನಿತ್ಯದ ಕೊಡುಕೊಳ್ಳುವಿಕೆಯಲ್ಲಿ ಇದನ್ನು ಅನ್ವಯಿಸಹೊರಟಾಗ ಅನೇಕ ಸಂಶಯಗಳು ತಲೆಯೆತ್ತುತ್ತವೆ. ಅವು ಸದ್ಗೃಹಸ್ಥರು ನಿಂತು ವಿಚಾರಿಸತಕ್ಕ ಸಂಶಯಗಳು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಇಳಕಲ್ಲ ಸೀರೆಗೆ ಇರುವ ಗೌರವವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಮದುವೆಯಿರಲಿ, ಕುಬಸವಿರಲಿ, ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ತವರಿನವರು ಉಡಿತುಂಬುವ ಹೊತ್ತಿರಲಿ, ಆ ಸೀರೆಯಿಲ್ಲದೆ ಕಾರ್ಯಕ್ಕೆ ಕಳೆಯಿಲ್ಲ. ಇಂಥ ಒಂದು ಕಾರ್ಯಕ್ಕಾಗಿ ಬಟ್ಟೆಯ ಅಂಗಡಿಗೆ ಬಂದ ಕುಟುಂಬವೊಂದರ ಮುಂದೆ ಎರಡು ಸೀರೆಗಳನ್ನು ಹರವಿದ್ದಾರೆಂದು ಭಾವಿಸಬಹುದು. ಎರಡಕ್ಕೂ ಕಡುನೀಲಿಯ ಒಡಲು, ಎರಡಕ್ಕೂ ಚಿಕ್ಕಿಯ ದಡಿ, ಎರಡಕ್ಕೂ ಬಿಳಿಯ ಚಿತ್ತಾರವುಳ್ಳ ಕೆಂಪು ಸೆರಗು. ಅಂಗಡಿಯವನು ಎರಡನ್ನೂ ಇಳಕಲ್ಲ ಸೀರೆಯೆಂದೇ ಕರೆಯುತ್ತಾನೆ. ಆದರೆ ಒಂದರ ಬೆಲೆ ಇನ್ನೊಂದರ ಹಲವು ಪಟ್ಟು. ನಾಲ್ಕು ಮಾರು ದೂರದಲ್ಲಿ ನಿಂತು ನೋಡಿದವರಿಗೆ ಭೇದವೇ ಕಾಣದು. ಕಾಣದ ಭೇದಕ್ಕಾಗಿ ಹಣ ತೆರುವುದೇಕೆ ಎಂದು ಮನೆಯ ಯಜಮಾನನು ಕೇಳಿದರೆ ಅದನ್ನು ಅವಿವೇಕದ ಪ್ರಶ್ನೆಯೆನ್ನಲಾಗದು. ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಆ ಸೀರೆಯ ನಡೆಯನ್ನು ಅರಿಯಬೇಕು.

ಕೈಮಗ್ಗದ ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲು ಅಥವಾ ರೇಷ್ಮೆ. ಸೆರಗಿಗೆ ಕೆಂಪು ರೇಷ್ಮೆ. ಬೇರೆಬೇರೆಯಾಗಿರುವ ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೂಡಿಸಿ, ಕುಣಿಕೆಯೊಳಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಈ ಕ್ರಮಕ್ಕೆ ನೇಕಾರರ ಭಾಷೆಯಲ್ಲಿ ಟೋಪ ತೆನಿ ಎಂದು ಹೆಸರು. ಹೊಕ್ಕು ಹಾಕುವಲ್ಲಿಯೂ ಮೂರು ಲಾಳಿಗಳನ್ನು ಬಳಸುವ ಕೊಂಡಿಯ ಪದ್ಧತಿಯುಂಟು. ಹೀಗಿರುವುದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಒಂದು ಸೀರೆ ಮುಗಿದೊಡನೆ ಇನ್ನೊಂದಕ್ಕೆ ಮತ್ತೆ ಮೊದಲಿನಿಂದ ತೊಡಗಬೇಕು. ಸೆರಗಿನ ಮೇಲೆ ಮೂಡುವ ಚಿತ್ತಾರಗಳೂ ಈ ನಾಡಿನ ಬಾಳಿನಿಂದಲೇ ಬಂದವು: ಬಾಚಣಿಗೆಯ ಹಲ್ಲು, ಕೋಟೆಯ ಗೋಡೆ, ಜೋಳದ ತೆನೆ, ಬೆಟ್ಟದ ಸಾಲು. ಮಗ್ಗದ ಮುಂದೆ ಕುಳಿತವನು ಒಬ್ಬನಾದರೂ ನೂಲು ಸುತ್ತುವ, ಹಾಸು ಹೂಡುವ, ಕುಣಿಕೆ ಕೂಡಿಸುವ ಕೆಲಸದಲ್ಲಿ ಮನೆಯ ಹೆಂಗಸರ ಬೆರಳುಗಳೂ ಸೇರಿರುತ್ತವೆ. ಒಂದು ಸೀರೆಯೆಂದರೆ ಒಂದು ಮನೆತನದ ಕೆಲವು ದಿನಗಳ ಆಯುಷ್ಯವೆಂದೇ ಹೇಳಬಹುದು.

ಇನ್ನು ಎರಡನೆಯ ಸೀರೆಯ ನಡೆ ಬೇರೆ. ಯಂತ್ರದ ಮಗ್ಗದಲ್ಲಿ ಒಂದೇ ಉದ್ದನೆಯ ಹಾಸಿನ ಮೇಲೆ ಅನೇಕ ಸೀರೆಗಳು ಒಂದರ ಹಿಂದೊಂದು ಇಳಿದುಬರುತ್ತವೆ. ಹಾಸು ಒಂದೇ ಆದುದರಿಂದ ಒಡಲಿನ ನೀಲಿಯ ಎಳೆಯೇ ಸೆರಗಿನೊಳಗೂ ಹರಿಯುತ್ತದೆ. ಅದರ ಮೇಲೆ ಕೆಂಪು ಹೊಕ್ಕು ಬಿದ್ದಾಗ ಆ ಕೆಂಪು ತನ್ನ ಶುದ್ಧಕಾಂತಿಯನ್ನು ಪಡೆಯದೆ ಮಂಕಾಗುತ್ತದೆ. ರೇಷ್ಮೆಯ ಸ್ಥಾನದಲ್ಲಿ ಕೃತಕ ರೇಷ್ಮೆಯೋ ಪಾಲಿಯೆಸ್ಟರ್ ನೂಲೋ ಇರುತ್ತದೆ. ಪರೀಕ್ಷಿಸಬೇಕೆನ್ನುವವರಿಗೆ ದಾರಿಗಳಿಲ್ಲದಿಲ್ಲ. ಸೀರೆಯನ್ನು ಮಗುಚಿ ಬೆನ್ನನ್ನು ನೋಡಬೇಕು. ಸೆರಗು ಒಡಲನ್ನು ಕೂಡುವ ಸಂದಿನಲ್ಲಿ ಕುಣಿಕೆಗಳ ಸಾಲು ಉಂಟೇ ಎಂದು ಬೆರಳಾಡಿಸಿ ನೋಡಬೇಕು. ಅಷ್ಟರಿಂದ ತೃಪ್ತಿಯಾಗದಿದ್ದರೆ ಅಂಚಿನ ಒಂದೆಳೆಯನ್ನು ಬಿಡಿಸಿ ಬೆಂಕಿಗೆ ಹಿಡಿಯಬೇಕು. ನಿಜವಾದ ರೇಷ್ಮೆ ಸುಟ್ಟ ಕೂದಲಿನ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿಯನ್ನು ಉಳಿಸುತ್ತದೆ. ಕೃತಕ ರೇಷ್ಮೆಯಾದ ರೇಯಾನ್ ಕಾಗದದಂತೆ ಉರಿದುಹೋಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಮುಖವು ಮುಚ್ಚಿಟ್ಟುದನ್ನು ಬೆನ್ನು ಹೇಳುತ್ತದೆ, ಸಂದು ಹೇಳುತ್ತದೆ, ಬೆಂಕಿ ಹೇಳುತ್ತದೆ. ಮನುಷ್ಯನ ಪರೀಕ್ಷೆಯೂ ಹೀಗೆಯೇ ಅಲ್ಲವೆ? ಸಭೆಯಲ್ಲಿ ಕಾಣುವ ಮುಖಕ್ಕಿಂತ ಮನೆಯೊಳಗಿನ ನಡೆ, ಮಾತಿಗೂ ಕೃತಿಗೂ ಇರುವ ಸಂದು, ಕಷ್ಟವೆಂಬ ಬೆಂಕಿ, ಇವೇ ಅವನ ನಿಜವನ್ನು ಹೊರಗೆಡಹುತ್ತವೆ.

ಸರಕಾರವೂ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಕೆಲವು ಬಗೆಯ ಸೀರೆಗಳನ್ನೂ ಬಟ್ಟೆಗಳನ್ನೂ ಕೈಮಗ್ಗಕ್ಕೇ ಮೀಸಲಾಗಿರಿಸುವ ಕಾನೂನು 1985ರಲ್ಲಿಯೇ ಆಗಿದೆ. ಊರಿನ ಹೆಸರಿನಿಂದ ಪ್ರಸಿದ್ಧವಾದ ವಸ್ತುಗಳ ಆ ಹೆಸರನ್ನು ರಕ್ಷಿಸುವ ಭೌಗೋಳಿಕ ಸೂಚಕಗಳ ಕಾನೂನು 1999ರಲ್ಲಿ ಬಂದಿತು. ಅದರ ಮೇರೆಗೆ 2007ರಲ್ಲಿ ಇಳಕಲ್ಲ ಸೀರೆಗೆ ಆ ಮಾನ್ಯತೆ ದೊರೆಯಿತು. 2006ರಲ್ಲಿ ಕೈಮಗ್ಗದ ಬಟ್ಟೆಗೆ ಗುರುತಿನ ಮುದ್ರೆಯೂ ಏರ್ಪಟ್ಟಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳೇ. ಆದರೆ ವಸ್ತುವನ್ನು ನಕಲು ಮಾಡಬಲ್ಲವನಿಗೆ ಅದರ ಮೇಲಿನ ಚೀಟಿಯನ್ನು ನಕಲು ಮಾಡುವುದೇನು ದೊಡ್ಡದು? ಕಾನೂನಿನ ಕಣ್ಣು ಪ್ರತಿಯೊಂದು ಅಂಗಡಿಯ ಪ್ರತಿಯೊಂದು ಗಂಟಿನೊಳಗೂ ಇಣುಕಲಾರದು. ಮಾರುವವನ ಮನಸ್ಸಾಕ್ಷಿಯೂ ಕೊಳ್ಳುವವನ ವಿವೇಕವೂ ಎಚ್ಚತ್ತಿರದಿದ್ದರೆ ಮುದ್ರೆಯು ಬರಿಯ ಕಾಗದವಾಗಿ ಉಳಿಯುತ್ತದೆ. ಆದುದರಿಂದ ಈ ಪ್ರಶ್ನೆ ಕಟ್ಟಕಡೆಗೆ ಧರ್ಮದ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆಯನ್ನು ಮೊದಲು ಆಲಿಸಬೇಕು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಯಂತ್ರಮಗ್ಗಗಳ ಸದ್ದು ಕೇಳುತ್ತದೆ. ಆ ಸದ್ದಿನ ಹಿಂದೆ ಸಾವಿರಾರು ಸಂಸಾರಗಳ ಅನ್ನವಿದೆ. ಕೈಮಗ್ಗವನ್ನು ಬಿಟ್ಟು ಯಂತ್ರಮಗ್ಗಕ್ಕೆ ಬಂದ ನೇಕಾರನು ಆಲಸ್ಯದಿಂದ ಬಂದವನಲ್ಲ, ಹೊಟ್ಟೆಪಾಡಿಗಾಗಿ ಬಂದವನು. ಹಗಲಿರುಳೆನ್ನದೆ ಮಗ್ಗದ ಬಳಿ ನಿಂತು, ಕಡಿದ ಎಳೆಗಳನ್ನು ಗಂಟುಹಾಕುತ್ತ, ಕಿವಿಗಡಚಿಕ್ಕುವ ಸದ್ದಿನಲ್ಲಿ ಬಾಳು ಸವೆಸುವ ಅವನ ದುಡಿಮೆಯೂ ಕಾಯಕವಲ್ಲವೆ? ದಿನಗೂಲಿಯಿಂದ ಜೀವಿಸುವ ತಾಯಿಯೊಬ್ಬಳು ತನ್ನ ಮಗಳಿಗೆ ಹಬ್ಬಕ್ಕೊಂದು ಚಂದದ ಸೀರೆಯನ್ನು ಉಡಿಸಬೇಕೆಂದು ಬಯಸಿದರೆ, ಅವಳ ಕೈಗೆಟುಕುವುದು ಆ ಮಗ್ಗದ ಸೀರೆಯೇ ಅಲ್ಲವೆ? ಚೆಲುವು ಸಿರಿವಂತರ ಮನೆಯ ಸ್ವತ್ತಾಗಿಯೇ ಉಳಿಯಬೇಕೆ? ಎಲ್ಲರಿಗೂ ಸಮಾನವಾಗಿ ದಾರಿ ತೆರೆದ ಶರಣರ ಅನುಯಾಯಿಗಳು ಅಗ್ಗದ ಬಟ್ಟೆಯನ್ನು ಹಳಿಯುವುದು ಯುಕ್ತವೆ?

ಈ ಆಕ್ಷೇಪಣೆಯು ಸರಿಯಾದುದು. ಅದನ್ನು ಅಲ್ಲಗಳೆಯುವುದು ಸಲ್ಲದು. ಯಂತ್ರದಲ್ಲಿ ಪಾಪವಿಲ್ಲ, ಕೃತಕ ನೂಲಿನಲ್ಲಿ ಪಾಪವಿಲ್ಲ, ಅಗ್ಗದ ಬೆಲೆಯಲ್ಲಂತೂ ಇಲ್ಲವೇ ಇಲ್ಲ. ಕಾನೂನಿನ ಮೇರೆಯೊಳಗೆ ನೇಯ್ದ ಯಂತ್ರಮಗ್ಗದ ಸೀರೆಯು, ತಾನು ಯಂತ್ರಮಗ್ಗದ ಸೀರೆ, ತನ್ನ ಊರು ಬನಹಟ್ಟಿ, ತನ್ನ ನೂಲು ಇಂಥದು ಎಂದು ಹೇಳಿಕೊಂಡು ಮಾರಾಟವಾದರೆ ಅದು ಸಂಪೂರ್ಣವಾಗಿ ನಿಜವಾದ ಸೀರೆ. ಅದರ ನಡೆಗೂ ನುಡಿಗೂ ಬಿರುಕಿಲ್ಲ. ಅದನ್ನುಟ್ಟ ಬಡವಿಯು ರೇಷ್ಮೆಯನ್ನುಟ್ಟ ಸಿರಿವಂತೆಯ ಎದುರಿಗೆ ತಲೆತಗ್ಗಿಸಬೇಕಾದ ಕಾರಣವಿಲ್ಲ. ದೋಷವು ಹುಟ್ಟುವುದು ಆ ಸೀರೆಯ ಮೇಲೆ ಇನ್ನೊಬ್ಬರ ಹೆಸರನ್ನು ಅಂಟಿಸಿದ ಕ್ಷಣದಲ್ಲಿ. ಆಗ ನೂಲು ಬದಲಾಗುವುದಿಲ್ಲ, ಬಣ್ಣ ಬದಲಾಗುವುದಿಲ್ಲ, ನುಡಿಯೊಂದು ಬದಲಾಗುತ್ತದೆ. ಆ ಒಂದು ನುಡಿಯಿಂದ ಪ್ರಾಮಾಣಿಕವಾದ ವಸ್ತುವೂ ಹುಸಿಯಾಗುತ್ತದೆ. ಅದರಿಂದ ಯಂತ್ರಮಗ್ಗದ ನೇಕಾರನಿಗೂ ಅನ್ಯಾಯವಾಗುತ್ತದೆಂಬುದನ್ನು ಮರೆಯಬಾರದು. ಅವನು ಬೆವರು ಸುರಿಸಿ ಮಾಡಿದ ವಸ್ತುವಿಗೆ ಅವನ ಹೆಸರೇ ಇಲ್ಲದಂತಾಗಿ, ಅವನ ಕಾಯಕವು ಪರರ ಮುಖವಾಡದಲ್ಲಿ ಅಡಗಿಹೋಗುತ್ತದೆ.

ಹೆಸರೆಂಬುದು ಬರಿಯ ಶಬ್ದ, ಅದನ್ನು ತೆಗೆದುಕೊಂಡರೆ ಯಾರ ಗಂಟು ಹೋಯಿತು ಎಂದು ಕೇಳುವವರುಂಟು. ಇಳಕಲ್ಲ ಎಂಬ ಶಬ್ದಕ್ಕೆ ಬೆಲೆ ಬಂದುದು ತಾನಾಗಿಯೇ ಅಲ್ಲ. ತಲೆತಲಾಂತರದಿಂದ ನೇಕಾರರು ಕುಣಿಕೆಗೆ ಕುಣಿಕೆ ಕೂಡಿಸಿ, ಹಾಳಾದುದನ್ನು ಮಾರದೆ, ಕೊಂಡವರನ್ನು ವಂಚಿಸದೆ ಗಳಿಸಿಟ್ಟ ನಂಬಿಕೆಯ ಮೊತ್ತವೇ ಆ ಹೆಸರು. ಅದು ಒಂದು ಸಮುದಾಯದ ಕೂಡಿಟ್ಟ ಕಾಯಕ. ಅದನ್ನು ಕೇಳದೆ ತೆಗೆದುಕೊಂಡು ತನ್ನ ಲಾಭಕ್ಕೆ ಬಳಸುವವನು ಪರರ ಕಣಜಕ್ಕೆ ಕೈಯಿಟ್ಟವನೇ ಸರಿ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ನೆನೆಯಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದನು. ಸತಿ ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನ ಅಕ್ಕಿ ತಮ್ಮದಲ್ಲವೆಂದು ಹೇಳಿ, ಅದನ್ನು ತಂದಲ್ಲಿಗೇ ಮರಳಿಸಿ ಬರುವಂತೆ ಪತಿಯನ್ನು ಕಳುಹಿಸಿದಳು. ನೆಲದ ಮೇಲೆ ಚೆಲ್ಲಿ ಬಿದ್ದ ಅಕ್ಕಿಯನ್ನೂ, ತನ್ನ ಕಾಯಕದ ಮಿತಿಯನ್ನು ಮೀರಿತೆಂಬ ಕಾರಣಕ್ಕೆ ಒಲ್ಲೆನೆಂದ ಆ ಮಹಾತಾಯಿಯು, ಇನ್ನೊಬ್ಬರು ಕೂಡಿಟ್ಟ ಹೆಸರಿನಿಂದ ಬಂದ ಲಾಭವನ್ನು ತನ್ನ ಮನೆಯ ಹೊಸ್ತಿಲು ದಾಟಗೊಡುತ್ತಿದ್ದಳೆ?

ಇದರ ಫಲವನ್ನೂ ಕಣ್ಣಾರೆ ನೋಡಬಹುದು. ನಕಲಿನ ಸೀರೆಯು ನಿಜದ ಹೆಸರಿನಿಂದ ಅಗ್ಗವಾಗಿ ದೊರೆಯುತ್ತಿರಲು, ನಿಜವಾದ ಸೀರೆಯು ಕೊಳ್ಳುವವರ ಕಣ್ಣಿಗೆ ಸುಲಿಗೆಯಂತೆ ಕಾಣುತ್ತದೆ. ಇಷ್ಟಕ್ಕೇ ಸಿಗುವ ಸೀರೆಗೆ ಅಷ್ಟೇಕೆ ಎಂದು ಅವರು ಕೇಳುತ್ತಾರೆ. ಕೈಮಗ್ಗದ ನೇಕಾರನು ಬೆಲೆಯನ್ನು ತಗ್ಗಿಸಿದರೆ ಹೊಟ್ಟೆ ತುಂಬದು. ತಗ್ಗಿಸದಿದ್ದರೆ ಮಾಲು ಹೋಗದು. ಇಂಥ ಇಕ್ಕಟ್ಟಿನಲ್ಲಿ ಸಿಲುಕಿದ ತಂದೆಯು ಮಗನಿಗೆ, ಈ ಕಸುಬು ನಿನ್ನ ಕಾಲಕ್ಕೆ ಬೇಡವೆಂದು ಹೇಳಿದರೆ ಅವನನ್ನು ದೂಷಿಸುವವರಾರು? ಹೀಗೆ ಒಂದು ಹುಸಿನುಡಿಯು ಒಂದು ಮಗ್ಗವನ್ನು ನಿಲ್ಲಿಸುತ್ತದೆ. ನಿಂತ ಮಗ್ಗದೊಡನೆ ಬೆರಳುಗಳಲ್ಲಿದ್ದ ವಿದ್ಯೆಯೂ ನಿಲ್ಲುತ್ತದೆ. ಪುಸ್ತಕದಲ್ಲಿ ಬರೆದಿಡಬಹುದಾದ ವಿದ್ಯೆಯಲ್ಲ ಅದು. ತಾಯಿಯ ಬೆರಳನ್ನು ನೋಡಿ ಮಗಳು ಕಲಿಯುವಂಥದು. ಒಂದು ತಲೆಮಾರು ತಪ್ಪಿದರೆ ಮರಳಿ ಬಾರದು.

ಇಷ್ಟರವರೆಗೆ ಕೊಳ್ಳುವವನು ಮೋಸಹೋದವನೆಂದು ಎಣಿಸಿದ್ದಾಯಿತು. ಆದರೆ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಸಂಗವುಂಟು. ಮಾರುವವನು ಇದು ನಕಲೆಂದು ಬಾಯಿಬಿಟ್ಟು ಹೇಳುತ್ತಾನೆ. ಕೊಳ್ಳುವವನು ನಕಲೆಂದು ತಿಳಿದೇ ಕೊಳ್ಳುತ್ತಾನೆ. ಬೆಲೆಯೂ ನಕಲಿಗೆ ತಕ್ಕ ಬೆಲೆಯೇ. ಇಲ್ಲಿ ಸುಳ್ಳೆಲ್ಲಿದೆ, ವಂಚಿತನಾರು? ಈ ಪ್ರಶ್ನೆಯು ಸೀರೆಗಿಂತಲೂ ಸ್ಪಷ್ಟವಾಗಿ ಕಾಣುವುದು ಈಗಿನ ಯುವಕರ ಮುಂಗೈಯ ಮೇಲಿನ ಗಡಿಯಾರದಲ್ಲಿ.

ಪ್ಯಾರಿಸ್ ನಗರದಲ್ಲಿ ನೆಲಸಿದ್ದ, ಸ್ವಿಸ್ ಮೂಲದ ಅಬ್ರಹಾಂ ಲೂಯಿ ಬ್ರೆಗೆ ಎಂಬ ಗಡಿಯಾರತಜ್ಞನು 1801ರಲ್ಲಿ ಒಂದು ಯಂತ್ರಕೌಶಲಕ್ಕೆ ಪೇಟೆಂಟ್ ಪಡೆದನು. ಆ ಕಾಲದಲ್ಲಿ ಗಡಿಯಾರಗಳು ಅಂಗಿಯ ಕಿಸೆಯಲ್ಲಿ ನೆಟ್ಟಗೆ ನಿಂತಿರುತ್ತಿದ್ದವು. ಒಂದೇ ಭಂಗಿಯಲ್ಲಿರುವ ತೂಗುಚಕ್ರದ ಮೇಲೆ ಭೂಮಿಯ ಆಕರ್ಷಣೆಯು ಒಂದೇ ಬಗೆಯಾಗಿ ಪರಿಣಾಮ ಮಾಡುವುದರಿಂದ ಕಾಲಗಣನೆಯಲ್ಲಿ ತಪ್ಪು ಬರುತ್ತಿತ್ತು. ಬ್ರೆಗೆಯು ಆ ಚಕ್ರವನ್ನು ಒಂದು ಪುಟ್ಟ ಪಂಜರದಲ್ಲಿಟ್ಟು, ಪಂಜರವೇ ಸುತ್ತುತ್ತಿರುವಂತೆ ಮಾಡಿದನು. ಸುತ್ತುವಾಗ ಒಂದು ಭಂಗಿಯ ತಪ್ಪನ್ನು ಇನ್ನೊಂದು ಭಂಗಿಯ ತಪ್ಪು ಸರಿದೂಗಿಸುತ್ತದೆ. ಇದಕ್ಕೆ ಟೂರ್ಬಿಯೋನ್ ಎಂದು ಹೆಸರು. ಸದಾ ಅಲುಗಾಡುವ ಮುಂಗೈಯ ಮೇಲೆ ಇದರ ಅಗತ್ಯ ಅಷ್ಟಾಗಿಲ್ಲ. ಆದರೂ ಕೌಶಲದ ಹೆಮ್ಮೆಗಾಗಿ ಹೆಸರಾಂತ ಕಾರ್ಖಾನೆಗಳು ಇದನ್ನು ಕೈಗಡಿಯಾರಗಳಲ್ಲಿಯೂ ಅಳವಡಿಸಿ ಲಕ್ಷಾಂತರ ರೂಪಾಯಿಗಳಿಗೆ ಮಾರುತ್ತವೆ. ಅವುಗಳ ನಕಲುಗಳೂ ಪೇಟೆಯಲ್ಲಿ ಹೇರಳವಾಗಿವೆ. ಕೆಲವದರಲ್ಲಿ ಪಂಜರ ಸುತ್ತುವುದೇ ಇಲ್ಲ. ಕಿಟಕಿಯಂಥ ರಂಧ್ರದಲ್ಲಿ ಸಾಮಾನ್ಯ ಚಕ್ರವೊಂದು ಮಿಡಿಯುತ್ತಿರುವುದನ್ನು ತೋರಿಸಿ ಅದನ್ನೇ ಟೂರ್ಬಿಯೋನ್ ಎನ್ನಿಸುತ್ತಾರೆ. ಇನ್ನು ಕೆಲವದರಲ್ಲಿ ಪಂಜರವು ನಿಜವಾಗಿಯೂ ಸುತ್ತುತ್ತದೆ. ಮುಖದ ಮೇಲಿನ ಹೆಸರು ಮಾತ್ರ ಪರರದು. ಅದೇ ಕೌಶಲವನ್ನು ತಮ್ಮ ಸ್ವಂತ ಹೆಸರಿನಿಂದಲೇ ಮಾಡಿ ಎಷ್ಟೋ ಕಡಿಮೆ ಬೆಲೆಗೆ ಮಾರುವ ಕಾರ್ಖಾನೆಗಳೂ ಚೀನಾದೇಶದಲ್ಲಿವೆ. ಸುತ್ತುವ ಪಂಜರದ ನಕಲನ್ನೂ ಸ್ವಂತ ಹೆಸರಿನ ಈ ಗಡಿಯಾರವನ್ನೂ ಅಕ್ಕಪಕ್ಕದಲ್ಲಿಟ್ಟರೆ, ಒಂದನ್ನು ಹುಸಿಯೆಂದೂ ಇನ್ನೊಂದನ್ನು ನಿಜವೆಂದೂ ಬೇರ್ಪಡಿಸುವುದು ಆ ಒಂದು ಹೆಸರೇ.

ಹೊತ್ತು ತಿಳಿಯುವುದಷ್ಟೇ ಬೇಕಾದವನಿಗೆ ನಕಲೂ ಬೇಡ, ಲಕ್ಷದ ಗಡಿಯಾರವೂ ಬೇಡ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಎಚ್‌ಎಂಟಿ ಗಡಿಯಾರಗಳು ಎಷ್ಟೋ ಮಂದಿ ಶಿಕ್ಷಕರ, ರೈತರ, ಗುಮಾಸ್ತರ ಮುಂಗೈಗಳ ಮೇಲೆ ಹೊತ್ತು ತೋರಿಸಿದವು. ಆ ಗಡಿಯಾರದ ಕಂಪನಿಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆಯಿತಾದರೂ, ತಂದೆಯ ಹಳೆಯ ಗಡಿಯಾರಕ್ಕೆ ಬೆಳಗಿನಲ್ಲಿ ಕೀಲಿ ಕೊಟ್ಟು ಕಟ್ಟಿಕೊಳ್ಳುವ ಮಕ್ಕಳು ಇಂದಿಗೂ ಇದ್ದಾರೆ. ಅದರಲ್ಲಿ ಆಡಂಬರವಿಲ್ಲ, ಆದರೆ ಅದರ ಮುಖದ ಮೇಲಿನ ಹೆಸರು ಅದರದೇ. ಹೀಗಿರಲು ನಕಲನ್ನು ತಿಳಿದೂ ತಿಳಿದೂ ಕೊಳ್ಳುವವನು ಕೊಳ್ಳುವುದಾದರೂ ಏನನ್ನು? ಹೊತ್ತನ್ನಲ್ಲ, ನೋಡುವವರ ಕಣ್ಣಿನಲ್ಲಿ ತಾನು ಸಿರಿವಂತನೆನಿಸುವ ಭ್ರಮೆಯನ್ನು. ಅಂಗಡಿಯವನು ಆಡದ ಸುಳ್ಳನ್ನು ಆಡುವ ಹೊಣೆಯನ್ನು ಅವನು ಹಣ ಕೊಟ್ಟು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಬಾಯಿ ಮುಚ್ಚಿದ್ದರೂ ಅವನ ಮುಂಗೈ ಹಗಲೆಲ್ಲ ಹುಸಿಯಾಡುತ್ತಿರುತ್ತದೆ. ಮೊದಲು ವಂಚಿತರಾಗುವವರು ನೋಡುವವರಾದರೂ, ಹೆಚ್ಚು ನಷ್ಟವಾಗುವುದು ಅವನಿಗೇ. ಯಾರಾದರೂ ಗಡಿಯಾರವನ್ನು ಹತ್ತಿರದಿಂದ ನೋಡಬಯಸಿದರೆ ಅವನು ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ತನ್ನದೆಂದು ಧರಿಸಿದ ವಸ್ತುವಿಗೇ ಹೆದರಿ ಬಾಳುವುದು ಎಂಥ ಬಾಳು! ನೆಂಟರ ಮುಂದೆ ತಲೆಯೆತ್ತಬೇಕೆಂದು ನಕಲಿನ ಸೀರೆಯನ್ನು ನಿಜವೆಂದು ಉಡಿತುಂಬುವವರ ಮನಸ್ಸೂ ಇದೇ. ಕೊಡುಗೆಯ ಸುಖವಿರಬೇಕಾದ ಕಡೆ, ಬೀಗರು ಸೀರೆಯನ್ನು ಮಗುಚಿ ನೋಡಿಯಾರೆಂಬ ಅಳುಕಿರುತ್ತದೆ.

ಹಾಗಾದರೆ ನಿಜವಾದ ವಸ್ತುವನ್ನು ಕೊಂಡವನೆಲ್ಲ ನಿಜವಂತನೆ? ಹಾಗೆಂದು ತಿಳಿಯುವುದು ಇನ್ನೊಂದು ಭ್ರಾಂತಿ. ಲಕ್ಷ ಕೊಟ್ಟು ಅಪ್ಪಟ ಗಡಿಯಾರವನ್ನು ಕಟ್ಟಿಕೊಂಡವನೂ, ಅದರ ಹೊಳಪನ್ನೇ ತನ್ನ ಯೋಗ್ಯತೆಯೆಂದು ಜನ ತಿಳಿಯಲೆಂದು ಕಟ್ಟಿಕೊಂಡಿದ್ದರೆ, ಗಡಿಯಾರ ಅಪ್ಪಟವಾದರೂ ಕಟ್ಟಿಕೊಂಡವನು ನಕಲು. ವಸ್ತುವಿನ ನಿಜವು ಹಣದೊಡನೆ ಕೈ ಬದಲಾಗುವುದಿಲ್ಲ. ಯಂತ್ರವನ್ನು ಜೋಡಿಸಿದವನ ತಾಳ್ಮೆಯಾಗಲಿ, ಸೀರೆಯನ್ನು ನೇಯ್ದವಳ ಶ್ರದ್ಧೆಯಾಗಲಿ ಕೊಂಡವನಿಗೆ ಬರುವುದಿಲ್ಲ. ಅವನಿಗೆ ಬರುವುದು ವಸ್ತುವೊಂದೇ. ಇದನ್ನು ಮನಗಾಣದವರು ಬೆಲೆಯನ್ನೇ ಯೋಗ್ಯತೆಯೆಂದು ಬಗೆಯುತ್ತಾರೆ.

ಬೆಲೆಗೂ ಯೋಗ್ಯತೆಗೂ ಇರುವ ಈ ಅಂತರವನ್ನು ನೇಕಾರ ಶರಣನಾದ ಜೇಡರ ದಾಸಿಮಯ್ಯನ ಕಥೆಯು ಚೆನ್ನಾಗಿ ತಿಳಿಸುತ್ತದೆ. ಮುದನೂರಿನ ರಾಮನಾಥನನ್ನು ನೆನೆಯುತ್ತ ಮಗ್ಗದಲ್ಲಿ ಕುಳಿತ ಆ ಮಹಾನುಭಾವನು ಬಹುಕಾಲ ಶ್ರಮಿಸಿ ದಿವ್ಯವಾದ ವಸ್ತ್ರವೊಂದನ್ನು ನೇಯ್ದನಂತೆ. ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟಬಲ್ಲವರೇ ಸಿಗಲಿಲ್ಲ. ಹಿಂದಿರುಗಿದಾಗ ಜಂಗಮರೂಪದಿಂದ ಬಂದ ಶಿವನು ಆ ವಸ್ತ್ರವನ್ನು ಬೇಡಿ ಪಡೆದು, ಆತನ ಕಣ್ಣೆದುರಿಗೇ ಹರಿದು ಚೂರುಮಾಡಿದನು. ದಾಸಿಮಯ್ಯನು ನೊಂದುಕೊಳ್ಳಲಿಲ್ಲ, ಕೊಟ್ಟ ಮೇಲೆ ಅದು ತನ್ನದಲ್ಲವೆಂದು ಶಾಂತನಾಗಿದ್ದನು. ಆತನ ನಿಷ್ಠೆಗೆ ಮೆಚ್ಚಿದ ಶಿವನು ಬರಿದಾಗದ ತವನಿಧಿಯನ್ನು ದಯಪಾಲಿಸಿದನೆಂದು ಕಥೆ ಮುಗಿಯುತ್ತದೆ. ಸಂತೆ ಆ ವಸ್ತ್ರಕ್ಕೆ ಬೆಲೆ ಕಟ್ಟಲಾರದೆ ಹೋದಾಗಲೂ ಅದರ ಯೋಗ್ಯತೆ ಕುಗ್ಗಲಿಲ್ಲ, ಚೂರಾದಾಗಲೂ ಕುಗ್ಗಲಿಲ್ಲ. ಏಕೆಂದರೆ ನೇಯ್ದವನ ನಡೆಯಲ್ಲಿ ಆ ಯೋಗ್ಯತೆಯಿತ್ತು. ಆ ನಡೆಯನ್ನು ಹರಿಯಲಾಗದು, ನಕಲು ಮಾಡಲೂ ಆಗದು.

ಬಸವಪುರಾಣದ ಪರಂಪರೆಯನ್ನು ಬಲ್ಲ ಭಕ್ತರು ಇಲ್ಲಿ ಒಂದು ಮಾತನ್ನು ಎತ್ತಬಹುದು. ಕಪಟಿಗಳು ಕೆಲವರು ಬದನೆಕಾಯಿಗಳನ್ನು ವಸ್ತ್ರದಲ್ಲಿ ಸುತ್ತಿ ಲಿಂಗದಂತೆ ಕೊರಳಿಗೆ ಕಟ್ಟಿಕೊಂಡು, ಜಂಗಮರ ವೇಷದಿಂದ ಬಸವಣ್ಣನವರ ಮಹಾಮನೆಗೆ ಬಂದರೆಂದೂ, ಆ ಬದನೆಕಾಯಿಗಳೇ ಲಿಂಗಗಳಾದವೆಂದೂ ಕಥೆಯಿದೆಯಲ್ಲವೆ? ನಕಲೇ ನಿಜವಾಗುವುದಾದರೆ ನಕಲನ್ನು ನಿಂದಿಸುವುದೇಕೆ? ಈ ಸಂಶಯಕ್ಕೆ ಸಮಾಧಾನವು ಕಥೆಯೊಳಗೇ ಇದೆ. ಬದನೆಕಾಯಿ ಲಿಂಗವಾದುದು ಕಟ್ಟಿಕೊಂಡವರ ಕಪಟದಿಂದಲ್ಲ, ಬಸವಣ್ಣನವರ ಭಕ್ತಿಯಿಂದ. ಲಾಂಛನವನ್ನು ಕಂಡೊಡನೆ ಅದರ ನುಡಿಯನ್ನು ಪೂರ್ಣವಾಗಿ ನಂಬಿದ ಆ ಮಹಾತ್ಮರ ವಿಶ್ವಾಸದ ಮುಂದೆ ಹುಸಿಯು ಹುಸಿಯಾಗಿ ಉಳಿಯಲಾರದೆ ಹೋಯಿತು. ಆ ಅದ್ಭುತವು ನಂಬಿದವರ ಹಿರಿಮೆಯನ್ನು ಸಾರುತ್ತದೆಯೇ ಹೊರತು ವಂಚಿಸಿದವರ ಜಾಣ್ಮೆಯನ್ನು ಹೊಗಳುವುದಿಲ್ಲ. ಬಸವಣ್ಣನವರ ಭಕ್ತಿಯಿದ್ದಲ್ಲಿ ಬದನೆಕಾಯಿ ಲಿಂಗವಾದೀತು. ಅಂಥ ಭಕ್ತಿಯಿಲ್ಲದ ಕೊರಳಿನಲ್ಲಿ ಲಿಂಗವೂ ಬರಿಯ ಭಾರವಾದೀತೆಂಬ ಎಚ್ಚರಿಕೆಯನ್ನೇ ಭಕ್ತರು ಆ ಕಥೆಯಿಂದ ತೆಗೆದುಕೊಳ್ಳುವುದು ಲೇಸು.

ಈ ಎಚ್ಚರಿಕೆಯೇ ಈ ವಿಚಾರದ ತಿರುಳು. ಸೀರೆಯ ಚೀಟಿ, ಗಡಿಯಾರದ ಮುಖದ ಮೇಲಿನ ಹೆಸರು, ಇವು ವಸ್ತುವಿನ ನುಡಿಗಳಾಗಿರುವಂತೆ, ಹಣೆಯ ವಿಭೂತಿ, ಕೊರಳ ರುದ್ರಾಕ್ಷಿ, ಎದೆಯ ಮೇಲಿನ ಇಷ್ಟಲಿಂಗ, ಇವು ಭಕ್ತನು ಜಗತ್ತಿಗೆ ಸಾರುವ ನುಡಿಗಳು. ತಾನು ಶಿವಶರಣರ ಮಾರ್ಗದವನು, ಕಾಯಕದಿಂದ ಬಾಳುವವನು, ಇತರರನ್ನು ವಂಚಿಸದವನು ಎಂದು ಅವು ಹೇಳುತ್ತವೆ. ಬೆಳಗಿನಲ್ಲಿ ಲಿಂಗಪೂಜೆಯನ್ನು ಮುಗಿಸಿ ಹಣೆಯ ತುಂಬ ವಿಭೂತಿ ಧರಿಸಿ ಅಂಗಡಿಗೆ ಬಂದು, ಯಂತ್ರಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವವನ ಅಂಗಡಿಯಲ್ಲಿ ನಕಲುಗಳು ಎರಡು: ಒಂದು ಕಟ್ಟೆಯ ಮೇಲೆ ಹರವಿದುದು, ಇನ್ನೊಂದು ಕಟ್ಟೆಯ ಹಿಂದೆ ಕುಳಿತುದು. ಮೊದಲನೆಯದರಿಂದ ಕೊಂಡವರಿಗೆ ಕೆಲವು ರೂಪಾಯಿಗಳ ನಷ್ಟ. ಎರಡನೆಯದರಿಂದ ಆ ಲಾಂಛನವನ್ನು ಧರಿಸುವ ಎಲ್ಲರ ಹೆಸರಿಗೂ ನಷ್ಟ. ಶರಣರು ಬಾಳಿ ಗಳಿಸಿಟ್ಟ ಹೆಸರನ್ನು ಬಾಳದೆ ಬಳಸಿಕೊಳ್ಳುವುದೂ ಪರರ ಹೆಸರಿನ ಕಳವೇ.

ಸದ್ಗೃಹಸ್ಥರಿಗೆ ಇದರಿಂದ ದೊರೆಯುವ ನಿಯಮಗಳು ಕಠಿನವಾದುವಲ್ಲ. ಮಾರುವವನು ಒಂದೇ ಮಾತನ್ನು ಹೆಚ್ಚಾಗಿ ಹೇಳಲಿ: ಇದು ಕೈಮಗ್ಗದ್ದು, ಇದು ಯಂತ್ರದ್ದು, ಇದು ರೇಷ್ಮೆ, ಇದು ಅಲ್ಲ. ಕೊಳ್ಳುವವನು ಒಂದೇ ಮಾತನ್ನು ಹೆಚ್ಚಾಗಿ ಕೇಳಲಿ, ಸೀರೆಯನ್ನು ಒಮ್ಮೆ ಮಗುಚಿ ನೋಡಲಿ. ಶಕ್ತಿಯುಳ್ಳವರು ಮನೆಯ ಮುಖ್ಯವಾದ ಕಾರ್ಯಕ್ಕಾದರೂ ನೇಕಾರನಿಗೆ ನ್ಯಾಯವಾದ ಬೆಲೆಯನ್ನು ಕೊಟ್ಟು ನಿಜವಾದುದನ್ನು ತರಲಿ. ಅದು ದಾನವಲ್ಲ, ಸಲ್ಲತಕ್ಕ ಋಣ. ಶಕ್ತಿಯಿಲ್ಲದವರು ಯಂತ್ರಮಗ್ಗದ ಸೀರೆಯನ್ನು ಅದರ ಸ್ವಂತ ಹೆಸರಿನಿಂದಲೇ ಕೊಂಡು, ಅದರ ಸ್ವಂತ ಹೆಸರಿನಿಂದಲೇ ಉಡಿತುಂಬಲಿ. ಇದು ಬನಹಟ್ಟಿಯ ಮಗ್ಗದ ಸೀರೆ, ತಾಯೀ, ನಮ್ಮ ಶಕ್ತಿಗೆ ಎಟುಕಿದ್ದು ಎಂದು ಹೇಳಿ ಕೊಟ್ಟ ತವರಿನ ಸೀರೆಯನ್ನು ಮಗಳು ಅಳುಕಿಲ್ಲದೆ ಉಡಬಲ್ಲಳು. ಬೀಗರು ಅದನ್ನು ಹತ್ತು ಸಲ ಮಗುಚಿ ನೋಡಿದರೂ ಅದರ ಬೆನ್ನು ಹೇಳುವುದು ಅವಳ ತಾಯಿ ಹೇಳಿದುದನ್ನೇ.